ಚಂದದ ಬಡಾವಣೆ ಯಾರ ಹೊಲದಲ್ಲಿ?

ಪತ್ರ: ಸಿಐಟಿಬಿ (ನಗರ ಸುಧಾರಣಾ ಟ್ರಸ್ಟ್ ಮಂಡಳಿ) ಕಾಲದಲ್ಲಿ ಬೆಂಗಳೂರಿನಲ್ಲಿ ಜಯನಗರದಂಥ ಬಡಾವಣೆ ಕಟ್ಟಿದರು. ಅಗಲವಾದ ರಸ್ತೆ, ಪಾರ್ಕು, ಮರ ಎಲ್ಲ ಇತ್ತು. 1976ರಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಂತು, ಎಲ್ಲ ಕೆಟ್ಟಿತು. ಬಿಡಿಎ ಮುಚ್ಚಿ ಹಳೆಯ ಮಂಡಳಿಯನ್ನೇ ಮತ್ತೆ ತರಬಾರದೇಕೆ?
– ಓದುಗರೊಬ್ಬರು, ಜಯನಗರ

ಉತ್ತರ: ಜಯನಗರ ಚಂದದ ಬಡಾವಣೆ, ನಿಜ. 1948ರಲ್ಲಿ ರಾಜಗೋಪಾಲಾಚಾರಿಯವರು ಬಂದು ಅಶೋಕ ಸ್ತಂಭದ ಹತ್ತಿರ ಶುಭಾರಂಭ ಮಾಡಿದ ಆ ಕೆಲಸಕ್ಕೆ ಒಂದು ಅಂದಾಜು, ಒಂದು ಶಿಸ್ತು ಇತ್ತು. ನಿಮ್ಮ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಸ್ವಾಮಿ, ಆ ಚಿನ್ನದ ಕಾಲ ಯಾರಿಗೆ ಚಿನ್ನವಾಗಿತ್ತು ಅಂತ ಒಮ್ಮೆ ಯೋಚನೆ ಮಾಡಿ. ಸೈಟು ಸಿಕ್ಕವರಿಗೆ, ಅಲ್ವಾ?

ಕಥೆ 1945ರ ಸಿಐಟಿಬಿಗಿಂತ ಹಿಂದಿನದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸತ್ತವರಲ್ಲಿ ಜಾಸ್ತಿ ಜನ ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ಬಡವರು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಊರಿನಲ್ಲಿವೆ. ಆಗ ಸರ್ಕಾರ ಏನು ಮಾಡಿತು? ಊರಾಚೆ ಬಸವನಗುಡಿ, ಮಲ್ಲೇಶ್ವರ ಕಟ್ಟಿತು. ನೇರ ರಸ್ತೆ, ಮನೆ ಹಿಂದೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಸಂದಿ, ಒಳ್ಳೆಯ ಗಾಳಿ. ಹೋಗಲು ಶಕ್ತಿ ಇದ್ದವರು ಹೋದರು. ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆಯ ಗಲ್ಲಿಗಳು ಹಾಗೇ ಉಳಿದವು. ಈಗಲೂ ಅಲ್ಲಿ ಹೋಗಿ ನೋಡಿ: ತಲೆ ಮೇಲೆ ವೈರುಗಳ ಗೋಜಲು, ಒಂದು ಲಗೇಜ್ ಆಟೋ ನಿಂತರೆ ಬೀದಿಯೇ ಬಂದ್. ಕಾಯಿಲೆ ಬಂದದ್ದು ಒಂದು ಕಡೆ, ಮದ್ದು ಹೋದದ್ದು ಇನ್ನೊಂದು ಕಡೆ.

ಬೊಂಬಾಯಿಯಲ್ಲೂ ಪ್ಲೇಗಿನ ನಂತರ, ಅದೇ 1898ರಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ನಗರ ಸುಧಾರಣಾ ಮಂಡಳಿ ಹುಟ್ಟಿತು. ಅದು ಹಳೇ ಊರಿಗೆ ಕೈ ಹಾಕಿ ದೊಡ್ಡ ರಸ್ತೆಗಳನ್ನು ಸೀಳಿತು. ಬಡವರ ಚಾಳು ಒಡೆದಷ್ಟು ಬೇಗ ಬೇರೆ ಮನೆ ಕಟ್ಟಿಕೊಡಲಿಲ್ಲ. ಅದೂ ಮಾದರಿ ಅಲ್ಲ. ನಮ್ಮವರು ಹಳೇ ಊರಿನ ತಂಟೆಗೇ ಹೋಗದೆ ಖಾಲಿ ಜಾಗ ಹುಡುಕಿದರು.

ಆ ಜಾಗ ನಿಜವಾಗಿ ಖಾಲಿ ಇತ್ತಾ? ನಿಮ್ಮ ಮನೆಯ ಸುತ್ತಲೇ ಬೈರಸಂದ್ರ, ಯಡಿಯೂರು, ಸಿದ್ದಾಪುರ ಇವೆ. ಅವು ಬಡಾವಣೆಗಿಂತ ಹಳೆಯ ಹಳ್ಳಿಗಳು. ನಗರದ ದಕ್ಷಿಣದ ಒಂದು ಬಡಾವಣೆಯಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಪಾರ್ಕಿನ ಬೇಲಿ ಹಿಡಿದುಕೊಂಡು, ‘ಇಲ್ಲಿಂದ ಆ ಟ್ಯಾಂಕಿನವರೆಗೂ ನಮ್ಮಪ್ಪ ರಾಗಿ ಹಾಕ್ತಿದ್ದ’ ಅಂತ ತೋರಿಸಿದ್ದರು. ಅವರ ಮನೆ ಈಗಲೂ ಗ್ರಾಮಠಾಣದಲ್ಲಿ, ಅಂದರೆ ಹಳೇ ಹಳ್ಳಿಯ ಮನೆಗಳಿದ್ದ ಜಾಗದಲ್ಲೇ ಇದೆ. ಬಡಾವಣೆಯ ನಲವತ್ತಡಿ ರಸ್ತೆ ಅವರ ಬೀದಿಯ ತುದಿಗೆ ಬಂದು ನಿಲ್ಲುತ್ತದೆ.

ಸಿಐಟಿಬಿ ಹೋಗಿ ಬಿಡಿಎ ಬಂದಾಗ ಫಲಕ ಬದಲಾಯಿತು, ಲೆಕ್ಕ ಬದಲಾಗಲಿಲ್ಲ. ರೈತರಿಂದ ಕಡಿಮೆ ಬೆಲೆಗೆ ಜಮೀನು, ಅದರಲ್ಲಿ ಸೈಟು, ಮೂಲೆ ಸೈಟು ಹರಾಜು, ಆ ದುಡ್ಡಿನಲ್ಲಿ ಮುಂದಿನ ಬಡಾವಣೆ. ಕೊಳೆಗೇರಿಗಳಿಗಂತೂ 1973ರ ಕಾಯ್ದೆಯಡಿ ಬೇರೆ ಮಂಡಳಿಯನ್ನೇ ಮಾಡಿದರು. ಅಂದರೆ ಬಡವರ ಬೀದಿ ಇನ್ನೊಬ್ಬರ ಫೈಲು.

ಬಿಡಿಎಯ ಅರ್ಕಾವತಿ ಬಡಾವಣೆ ನೋಡಿ. 2003ರಲ್ಲಿ 16 ಹಳ್ಳಿಗಳ 3,339 ಎಕರೆಗೆ ಮೊದಲ ನೋಟಿಫಿಕೇಷನ್, ಅಂದರೆ ಜಮೀನು ಸ್ವಾಧೀನದ ಅಧಿಸೂಚನೆ. ಮರುವರ್ಷ 2,750 ಎಕರೆಗೆ ಅಂತಿಮ ನೋಟಿಫಿಕೇಷನ್. ಆ ಸ್ವಾಧೀನದ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2010ರಲ್ಲಿ. ಅಷ್ಟೂ ವರ್ಷ ರೈತನಿಗೆ ಹೊಲ ತನ್ನದೋ ಅಲ್ಲವೋ ಗೊತ್ತಿಲ್ಲ. ಸೈಟಿಗೆ ದುಡ್ಡು ಕಟ್ಟಿದವರಿಗೂ ನೆಮ್ಮದಿಯಿಲ್ಲ. ಊರಿನ ಹೊರಸುತ್ತಿಗೆ ಯೋಜಿಸಿದ ಪೆರಿಫೆರಲ್ ರಿಂಗ್ ರಸ್ತೆಯದು ಇನ್ನೂ ದೊಡ್ಡ ನೋವು. 2005ರಲ್ಲಿ ನೋಟಿಫೈ ಆದ ಜಮೀನುಗಳವು. ಮಗಳ ಮದುವೆಗೆ ಮಾರೋಣ ಅಂದರೆ ಕೊಳ್ಳುವವರಿಲ್ಲ, ಮನೆ ಕಟ್ಟೋಣ ಅಂದರೆ ಅನುಮತಿಯಿಲ್ಲ. 2013ರ ಹೊಸ ಭೂಸ್ವಾಧೀನ ಕಾನೂನು ಹಳ್ಳಿಯ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ ಹೇಳುತ್ತದೆ. ಬಿಡಿಎ ಸ್ವಾಧೀನಕ್ಕೆ ಅದು ಅನ್ವಯಿಸುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹೀಗಾಗಿ 1894ರ ಬ್ರಿಟಿಷರ ಭೂಸ್ವಾಧೀನ ಕಾಯ್ದೆಯ ಲೆಕ್ಕವೇ ಗತಿ. ಇದನ್ನು ತಿದ್ದುವ ಅಧಿಕಾರ ವಿಧಾನಸೌಧಕ್ಕಿದೆ. ಸರ್ಕಾರಗಳು ಬಂದವು, ಹೋದವು, ಯಾರೂ ತಿದ್ದಲಿಲ್ಲ.

ನಮ್ಮ ಪತ್ರಿಕೆಗಳದೂ ಇದರಲ್ಲಿ ಪಾಲಿದೆ. ಸೈಟು ಹಂಚಿಕೆಯ ಸುದ್ದಿ ಮುಖಪುಟಕ್ಕೆ, ಹೊಲ ಕಳೆದುಕೊಂಡವರ ಧರಣಿ ಒಳಪುಟದ ಮೂಲೆಗೆ.

ಹಳೆಯ ಮಂಡಳಿ ವಾಪಸ್ ಬರಲಿ ಅಂತ ಸುಮ್ನೆ ಕೇಳಬೇಡಿ. ಕೇಳುವುದಾದರೆ ಪೇಟೆಯ ಗಲ್ಲಿಗೆ ಚರಂಡಿ ಕೇಳಿ, ನೋಟಿಫೈ ಆದ ಜಮೀನಿಗೆ ಈಗಿನ ಬೆಲೆ ಕೇಳಿ. ಇನ್ನೊಂದು ಕೋರಿಕೆ. ನಿಮಗೆ ಬರೆಯುವ ಕೈ ಇದೆ. ಬೈರಸಂದ್ರದ ಹಳಬರನ್ನು ಮಾತಾಡಿಸಿ, ಅವರ ಹೊಲ ಎಲ್ಲಿತ್ತು, ಎಷ್ಟು ಪರಿಹಾರ ಸಿಕ್ಕಿತು ಅಂತ ಕೇಳಿ ಬರೆದು ಕಳಿಸಿ. ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.

– ಸಂ.