ಕಲಿತದ್ದು ಕೈಗೆ ಬರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆತ್ಮರಕ್ಷಣೆಯ ಸಲಹೆಗೆಂದು ನಮ್ಮಲ್ಲಿಗೆ ಬಂದವರೊಬ್ಬರು: ವಯಸ್ಸು 43, ರಾತ್ರಿ ಪಾಳಿಯ ಕೆಲಸ, ಎಡ ಮೊಣಕಾಲಿಗೆ ಹಳೆಯ ಪೆಟ್ಟು. ಮೂರು ತಿಂಗಳು ಕರಾಟೆ ಕಲಿತಿದ್ದರು, ಕಟಾ (ಒಬ್ಬರೇ ಕ್ರಮವಾಗಿ ಮಾಡುವ ನಿಗದಿತ ಚಲನೆಗಳ ಸರಣಿ) ಚೆನ್ನಾಗಿಯೇ ಬರುತ್ತಿತ್ತು. ಆದರೆ ಮೇಲಧಿಕಾರಿ ಮಾತಿನ ನೆಪದಲ್ಲಿ ಮಣಿಕಟ್ಟು ಹಿಡಿದಾಗ ಮೈ ಮರಗಟ್ಟಿತು. "ಇದು ನನ್ನ ಕೈಲಾಗೋದಲ್ಲ" ಎನ್ನುತ್ತಲೇ ಬಂದರು.

ಮರಗಟ್ಟುವುದು ಹೇಡಿತನವಲ್ಲ, ಅಪಾಯ ಕಂಡಾಗ ದೇಹ ತಾನಾಗಿ ಹಾಗೆ ಮಾಡುತ್ತದೆ ಎಂದು ಮೊದಲು ತಿಳಿಸಿದೆವು. ಆ ಹೊತ್ತಿನಲ್ಲಿ ನಾಜೂಕಾದ ಪಟ್ಟುಗಳು ಕೈಕೊಡುತ್ತವೆ, ಸರಳ ಚಲನೆಗಳಷ್ಟೇ ಉಳಿಯುತ್ತವೆ. ತಪ್ಪು ಕರಾಟೆಯದೂ ಅಲ್ಲ. ಆ ತರಗತಿಯಲ್ಲಿ ಎಲ್ಲರೂ ಗಾಳಿಗೇ ಗುದ್ದುತ್ತಿದ್ದರು.

ಭಯವಾದ ಮೂರು ಸಂದರ್ಭಗಳನ್ನು ಬರೆಸಿದೆವು: ಯಾರು, ಎಷ್ಟು ಹತ್ತಿರ, ಎಲ್ಲಿ ಹಿಡಿದರು, ಬಾಗಿಲು ಯಾವ ಕಡೆ? ಎರಡರಲ್ಲಿ ಪರಿಚಿತರೇ, ಅದೂ ತೋಳಳತೆಯಲ್ಲಿ. ಅಲ್ಲಿಗೆ ಎತ್ತರದ ಒದೆತದ ಮಾತು ಮುಗಿಯಿತು. ಇವರಿಗೆ ಬೇಕಿದ್ದದ್ದು ಹಿಡಿತ ಬಿಡಿಸಿಕೊಳ್ಳುವುದು, ದನಿ ಎತ್ತುವುದು, ಬಾಗಿಲ ಕಡೆ ಸರಿಯುವುದು.

ಹೊಸ ಕಡೆ ಕಲಿಯಲು ಸೇರುವ ಮುನ್ನ ಎರಡು ತರಗತಿ ಕೂತು ನೋಡಲು ಹೇಳಿದೆವು. ಜೊತೆಗಾರ ನಿಜವಾಗಿ ಬಿಗಿ ಹಿಡಿಯುತ್ತಾನೆಯೇ, ಇಲ್ಲ ಮುಟ್ಟುತ್ತಲೇ ಬಿಟ್ಟುಬಿಡುತ್ತಾನೆಯೇ? "ಸಾಕು" ಎಂಬ ಸನ್ನೆಯಾಗಿ ಎರಡು ಸಲ ತಟ್ಟಿದರೆ ತಕ್ಷಣ ನಿಲ್ಲಿಸುತ್ತಾರೆಯೇ? ಬರಿಗೈಯಲ್ಲಿ ಚಾಕು ಕಿತ್ತುಕೊಳ್ಳುವುದನ್ನು ಒಂದೇ ದಿನದಲ್ಲಿ ಕಲಿಸುತ್ತೇವೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ ಎಂದೆವು.

ಮಣಿಕಟ್ಟಿನ ಹಿಡಿತವನ್ನೇ ನೋಡಿ. ಹಿಡಿದವರ ಹೆಬ್ಬೆರಳು ಮತ್ತು ಬೆರಳ ತುದಿಗಳ ನಡುವೆ ಸಂದು ಇರುತ್ತದೆ. ನಮ್ಮ ಮಣಿಕಟ್ಟಿನ ಕಿರಿದಾದ ಅಂಚನ್ನು ಆ ಸಂದಿಗೆ ತಿರುಗಿಸಿ, ಮೊಣಕೈ ಮಡಚಿ, ಮೈಯನ್ನೂ ಜೊತೆಗೇ ತಿರುಗಿಸಿ ಎಳೆಯಬೇಕು. ಬರೀ ತೋಳಬಲದಿಂದ ನೇರ ಹಿಂದಕ್ಕೆ ಜಗ್ಗಿದರೆ ಬಲ ಹೆಚ್ಚಿದ್ದವರೇ ಗೆಲ್ಲುತ್ತಾರೆ.

ಜೂಡೋ ಹಿಡಿತದ ವಿದ್ಯೆಯೇ. ಆದರೆ ಅದರ ಎಸೆತಗಳಲ್ಲಿ ಮೊಣಕಾಲು ತಿರುಚಿಕೊಳ್ಳಬಹುದು. ಹಾಗಾಗಿ ಎಸೆತ ಕಡಿಮೆಯಿದ್ದು, ಸನ್ನಿವೇಶಗಳನ್ನು ಆಡಿಸಿ ಕಲಿಸುವ ತರಗತಿಯನ್ನು ಆರಿಸಿಕೊಂಡರು: ವಾರಕ್ಕೆ ಎರಡು ದಿನ, ಒಂದೊಂದು ಗಂಟೆ. ಬೀಳುವ ಅಭ್ಯಾಸವನ್ನು ಕೂತ ಭಂಗಿಯಿಂದಲೇ ಶುರುಮಾಡಲು ಹೇಳಿದೆವು.

ದನಿಯ ಅಭ್ಯಾಸದಲ್ಲೇ ತೊಡಕು ಕಂಡದ್ದು. ಹಿರಿಯರಿಗೆ "ಬಿಡು" ಅನ್ನಲು ನಾಲಗೆ ಏಳುತ್ತಿರಲಿಲ್ಲ. "ಕೈ ಬಿಡಿ" ಸಾಕು, ಮರ್ಯಾದೆಯ ಮಾತೂ ಗಟ್ಟಿಯಾಗಿ ಬರಬಹುದು. ಅದರ ಜೊತೆ "ದಯವಿಟ್ಟು" ಸೇರಿಸಬೇಡಿ ಎಂದೆವು.

ತರಬೇತಿ ದೂರಿಗೆ ಬದಲಿಯಲ್ಲ. ದಿನಾಂಕ, ಸಮಯ, ಎದುರಿಗಿದ್ದವರ ಹೆಸರು ಬರೆದಿಡತೊಡಗಿದ್ದಾರೆ. ಎಂಟನೆಯ ವಾರಕ್ಕೆ ಬಿಗಿ ಹಿಡಿತವನ್ನು ಹತ್ತರಲ್ಲಿ ಆರು ಸಲ ಬಿಡಿಸಿಕೊಂಡರು. ಉಳಿದ ನಾಲ್ಕರಲ್ಲಿ ಮೈ ತಿರುಗಿಸುವುದನ್ನು ಮರೆತಿದ್ದರು.