ಗಣಿ ಮಣ್ಣೋ, ಕೆರೆಯ ಕೆಸರೋ?

ಪ್ರಶ್ನೆ: ನಮ್ಮದು ಸಿರುಗುಪ್ಪ ತಾಲ್ಲೂಕು. ಮಳೆಗಾಲದಲ್ಲಿ ತುಂಗಭದ್ರೆಯ ನೀರು ಕೆಂಪಗಿದ್ದರೂ ಪಟಿಕ ಹಾಕಿದರೆ ತಿಳಿಯಾಗುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಕೆರೆಯಿಂದ ಬರುವ ನೀರು ಹಿಡಿಯುವಾಗ ತಿಳಿಯಾಗಿರುತ್ತದೆ, ಬೆಳಗಾಗುವಷ್ಟರಲ್ಲಿ ಕೊಡದ ತಳದಲ್ಲಿ ಕಂದು ಗಸಿ. ಚಹಾ ಕಪ್ಪಾಗುತ್ತದೆ. ಸಂಡೂರಿನ ಗಣಿ ಮಣ್ಣೇ ಕಾರಣವೇ?

ಉತ್ತರ: ಗಣಿಯ ಮೇಲೆ ಅನುಮಾನ ಸಹಜ. ಆದರೆ ಅಲ್ಲಿಯ ಹೆಮಟೈಟ್ ಎಂಬ ಕಬ್ಬಿಣದ ಅದಿರು ಗಾಳಿಯಾಡುವ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಆಗಸ್ಟ್‌ನ ಕೆಂಪು ನೀರಿನಲ್ಲಿ ಕಬ್ಬಿಣ ಹೇರಳ, ಆದರೆ ಬಹುಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡದ್ದು. ಪಟಿಕ ಆ ಕಣಗಳನ್ನು ತಳಕ್ಕಿಳಿಸುತ್ತದೆ.

ಬೇಸಿಗೆಯ ಕಥೆ ಬೇರೆ. ನಿಂತ ನೀರಿನ ಮೇಲ್ಪದರ ಕಾಯುತ್ತದೆ, ತಳಕ್ಕೆ ಗಾಳಿ ಇಳಿಯುವುದಿಲ್ಲ. ಕೆಸರಿನಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿದ್ದ ಆಮ್ಲಜನಕವನ್ನೂ ಮುಗಿಸುತ್ತವೆ. ಆಗ ತುಕ್ಕಿನ ರೂಪದ ಕಬ್ಬಿಣ ಫೆರಸ್ ಎಂಬ ಕರಗುವ ರೂಪ ತಾಳಿ ಕೆಸರಿನಿಂದ ತಳದ ನೀರಿಗೆ ಬರುತ್ತದೆ, ಅದಕ್ಕೆ ಬಣ್ಣವಿಲ್ಲ. ನೀರು ನಿಂತ ಭತ್ತದ ಗದ್ದೆಯ ಬಸಿನೀರಿನಲ್ಲೂ ಇದೇ ನಡೆಯುತ್ತದೆ. ಕೊಡದಲ್ಲಿ ಗಾಳಿ ತಾಗಿದಾಗ ಮತ್ತೆ ತುಕ್ಕಾಗಿ ತಳ ಸೇರುವುದೇ ನೀವು ಕಂಡ ಗಸಿ. ಚಹಾ ಕಪ್ಪಾಗುವುದು ಅದರ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರುವುದರಿಂದ. ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಿಳಿ ಬಟ್ಟೆಗೂ ಕಲೆ ಹಿಡಿಯುತ್ತದೆ.

ಕರಗಿದ ಕಬ್ಬಿಣಕ್ಕೆ ಪಟಿಕ ಕೆಲಸ ಮಾಡದು. ಮೊದಲು ಗಾಳಿ ಬೇಕು. ನೀರನ್ನು ತೂತಿನ ತಟ್ಟೆಯ ಮೂಲಕ ಎರಡು ಮೂರು ಅಡಿ ಎತ್ತರದಿಂದ ಹನಿಹನಿಯಾಗಿ ಬೀಳಿಸಿ, ರಾತ್ರಿಯಿಡೀ ಬಿಟ್ಟು, ಮರಳಿನಲ್ಲಿ ಸೋಸಿ. ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ) 6.5ಕ್ಕಿಂತ ಕಡಿಮೆಯಿದ್ದರೆ ಇದು ತೀರಾ ನಿಧಾನ. ಬ್ಲೀಚಿಂಗ್ ಪುಡಿಯಾದರೆ ಬೇಗ: 1 ಮಿಲಿಗ್ರಾಂ ಕಬ್ಬಿಣಕ್ಕೆ 0.64 ಮಿಲಿಗ್ರಾಂ ಕ್ಲೋರಿನ್ ಬೇಕು. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣವಿರುವ 100 ಲೀಟರ್ ನೀರಿಗೆ, ಶೇ 25 ಕ್ಲೋರಿನ್ ಇರುವ ಪುಡಿ ಸುಮಾರು ಅರ್ಧ ಗ್ರಾಂ. ಇದು ಕಬ್ಬಿಣಕ್ಕೇ ಖರ್ಚಾಗುತ್ತದೆ, ರೋಗಾಣು ಕೊಲ್ಲಲು ಹಾಕುವುದು ಬೇರೆ ಲೆಕ್ಕ. ಊರಿನ ಮಟ್ಟದಲ್ಲಾದರೆ ಪಂಪಿನ ಬಾಯನ್ನು ಕೆರೆಯ ತಳದಿಂದ ಎತ್ತಿ ಮೇಲ್ಪದರದ ನೀರು ಎಳೆಯುವುದೇ ಅಗ್ಗದ ದಾರಿ.

ಪರೀಕ್ಷೆಗೆ ಆಗಸ್ಟ್‌ನಲ್ಲೊಮ್ಮೆ, ಏಪ್ರಿಲ್–ಮೇನಲ್ಲೊಮ್ಮೆ ಕೊಡಿ. ನೀರನ್ನು ಸ್ಥಳದಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಆಮೇಲೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಹಾಕಬೇಕು. ಸೋಸದೆ ಆಮ್ಲ ಹಾಕಿದರೆ ಮಣ್ಣಿನ ಕಬ್ಬಿಣವೂ ಕರಗಿ, ಕರಗಿದ ಕಬ್ಬಿಣದ ಅಂಕಿ ಏರುತ್ತದೆ. ಆಮ್ಲವಿಲ್ಲದೆ ಬಾಟಲಿ ಕಳಿಸಿದರೆ ಲ್ಯಾಬ್ ತಲುಪುವಷ್ಟರಲ್ಲಿ ಕಬ್ಬಿಣ ಬಾಟಲಿಯ ಗೋಡೆಗೆ ಅಂಟಿ, ವರದಿಯಲ್ಲಿ ‘ಇಲ್ಲ’ ಎಂದು ಬರಬಹುದು.