ಪುಟ ತೋರಿಸುವ ಕೈ

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ. ನಿವೃತ್ತ ಶಿಕ್ಷಕಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. "ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದೆ. ಹತ್ತಿರದ ಎಪಿಸ್ಕೋಪಲ್, ಅಂದರೆ ಅಮೆರಿಕದ ಆಂಗ್ಲಿಕನ್, ಚರ್ಚಿಗೆ ಮೂರು ಭಾನುವಾರ ಹೋದೆ. ಬಾಗಿಲಲ್ಲಿ ನಕ್ಕು ಒಂದು ಹಾಳೆ ಕೊಟ್ಟರು, ಅಷ್ಟೇ. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ತಿಳಿಯಲಿಲ್ಲ. ಆರಾಧನೆ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಗೋಡೆ ಪಕ್ಕ ನಿಂತಿದ್ದು ಬಂದೆ. ಮಗಳು, 'ಇಲ್ಲಿ ಒಬ್ಬರನ್ನು ಅವರ ಪಾಡಿಗೆ ಬಿಡೋದೇ ಮರ್ಯಾದೆ ಅಮ್ಮಾ' ಅಂತಾಳೆ. ನೀವೇನಂತೀರಿ?"

ಅಕ್ಕೋರೇ, ನಿಮ್ಮ ಕಡೆ ಶಿಕ್ಷಕಿಯರನ್ನು ಹೀಗೇ ಕರೆಯುತ್ತಾರಲ್ಲ, ನಾನೂ ಹಾಗೇ ಕರೆಯುತ್ತೇನೆ. ನಿಮ್ಮ ಮಗಳ ಮಾತಿನಲ್ಲಿ ಸ್ವಲ್ಪ ನಿಜವಿದೆ. ಸಾವಿನ ಮನೆಯಿಂದ ಬಂದವರು ಇರುತ್ತಾರೆ. ಸುಮ್ನೆ ಕೂತು ಹೋಗಬೇಕು ಅನ್ನುವವರೂ ಇರುತ್ತಾರೆ. ಹೊಸಬರನ್ನು ಎಲ್ಲರೆದುರು ಎಬ್ಬಿಸಿ ಹೆಸರು ಕೇಳುವುದು ಖಂಡಿತ ತಪ್ಪು. ಆದರೆ ಪುಸ್ತಕ ಹಿಡಿದು ಪುಟ ಸಿಗದೆ ತಡಕಾಡುತ್ತಿರುವವರನ್ನು ನೋಡಿಯೂ ನೋಡದ ಹಾಗೆ ಇರುವುದಕ್ಕೆ ಮರ್ಯಾದೆ ಎಂಬ ಹೆಸರು ಕೊಡಲು ನನಗೆ ಆಗುವುದಿಲ್ಲ.

ಆ ಆರಾಧನೆ ಹೊಸಬರಿಗೆ ನಿಜಕ್ಕೂ ಕಷ್ಟ. ಬೆಂಚಿನ ಹಿಂದೆ 1979ರ ಪ್ರಾರ್ಥನಾ ಪುಸ್ತಕ, ಅದರ ಪಕ್ಕ 1982ರ ಹಾಡಿನ ಪುಸ್ತಕ, ಕೈಯಲ್ಲಿ ಆ ದಿನದ ಹಾಳೆ. ಇರುವುದು ಎರಡೇ ಕೈ. ಪಕ್ಕದವರಿಗೆ ಎಲ್ಲ ಬಾಯಿಪಾಠ, ಅವರು ಪುಟವನ್ನೇ ನೋಡುವುದಿಲ್ಲ. ಪ್ರಭು ಭೋಜನದ ಹೊತ್ತಿಗೆ ಮುಂದೆ ಹೋಗಬಹುದೋ ಬಾರದೋ ಎಂಬ ಅಳುಕು ಬೇರೆ. ಯಾವ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರಾದರೂ ಅಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದು. ಬೇಡ ಅನ್ನುವವರು ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡರೆ ಪಾದ್ರಿಗಳು ಆಶೀರ್ವಾದ ಮಾಡುತ್ತಾರೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಪಕ್ಕದಲ್ಲಿ ಕೂತವರು ಕಿವಿಯಲ್ಲಿ ಹೇಳಿದರೆ ಆಯಿತು, ಅಲ್ವಾ?

ಅಮೆರಿಕದ ರಸ್ತೆ ಬದಿಯಲ್ಲಿ 'ಎಪಿಸ್ಕೋಪಲ್ ಸಭೆ ನಿಮ್ಮನ್ನು ಸ್ವಾಗತಿಸುತ್ತದೆ' ಎಂಬ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ಎಷ್ಟೋ ವರ್ಷದ ಹಿಂದೆ ನಾನು ಅಂಥದೊಂದು ಬೋರ್ಡು ನೋಡಿಯೇ ಒಳಗೆ ಹೋದೆ. ಬೆಂಚಿನ ತುದಿಯಲ್ಲಿ ಕೂತೆ. ಐದು ನಿಮಿಷದಲ್ಲಿ ಒಬ್ಬರು ಬಂದು, ಬಹಳ ಮೆಲ್ಲಗೆ, ಅದು ತಮ್ಮ ಜಾಗ ಅಂದರು. ಎದ್ದು ಹಿಂದಕ್ಕೆ ಹೋದೆ. ಆ ದಿನದ ಪ್ರಸಂಗದ ಒಂದು ಮಾತೂ ಈಗ ನೆನಪಿಲ್ಲ. ಆ ಬೆಂಚಿನ ಮರದ ಬಣ್ಣ ನೆನಪಿದೆ.

ಆಮೇಲೆ ಓದುತ್ತಾ ಹೋದಾಗ ಈ 'ನಮ್ಮ ಜಾಗ' ಎಷ್ಟು ಹಳೆಯದು ಎಂದು ತಿಳಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಆ ಸಭೆಯ ಎಷ್ಟೋ ದೇವಾಲಯಗಳಲ್ಲಿ ಬೆಂಚುಗಳಿಗೆ ಬಾಡಿಗೆ ಇತ್ತು. ದುಡ್ಡಿದ್ದವರಿಗೆ ಮುಂದಿನ ಸಾಲು. ಬಡವರು ಹಿಂದೆ, ಇಲ್ಲವೇ ಮೇಲಿನ ಗ್ಯಾಲರಿಯಲ್ಲಿ. 1846ರಲ್ಲಿ ವಿಲಿಯಂ ಮ್ಯೂಲೆನ್‌ಬರ್ಗ್ ಎಂಬ ಪಾದ್ರಿ ನ್ಯೂಯಾರ್ಕಿನಲ್ಲಿ ಬಾಡಿಗೆಯೇ ಇಲ್ಲದ ಬೆಂಚುಗಳ ದೇವಾಲಯ ತೆರೆದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ.

ಅದಕ್ಕೂ ಹಿಂದಿನ ಕಥೆ ಅಬ್ಸಲಂ ಜೋನ್ಸ್ ಅವರದು. ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ಫಿಲಡೆಲ್ಫಿಯಾದ ಒಂದು ಮೆಥೊಡಿಸ್ಟ್ ದೇವಾಲಯದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗಲೇ, ಕಪ್ಪು ಜನರಿಗೆ ಜಾಗ ಇದಲ್ಲ ಎಂದು ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯುವ ತನಕ ತಡೆಯಿರಿ ಎಂದು ಕೇಳಿದರೂ ತಡೆಯಲಿಲ್ಲ. ಅವರ ಜೊತೆಗಿದ್ದವರೆಲ್ಲ ಎದ್ದು ಹೊರಟರು. 1794ರಲ್ಲಿ ಅವರು ಕಟ್ಟಿದ ಸಂತ ತೋಮನ ದೇವಾಲಯವನ್ನು ಎಪಿಸ್ಕೋಪಲ್ ಸಭೆ ಸೇರಿಸಿಕೊಂಡಿತು. ಜೋನ್ಸ್ ಆ ಸಭೆಯ ಮೊದಲ ಕಪ್ಪು ಪಾದ್ರಿಯಾದರು. ಆದರೆ ಪ್ರಾಂತ್ಯದ ಸಮ್ಮೇಳನದಲ್ಲಿ ಅವರ ದೇವಾಲಯಕ್ಕೆ ಮತ ಹಾಕುವ ಹಕ್ಕು ಸಿಗಲು 1860ರ ದಶಕ ಬರಬೇಕಾಯಿತು. ಒಳಗೆ ಬನ್ನಿ ಅಂದವರು ಕೂತುಕೊಳ್ಳಿ ಅನ್ನಲು ಸುಮಾರು ಎಪ್ಪತ್ತು ವರ್ಷ ತೆಗೆದುಕೊಂಡರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ನಿಮಗೊಂದು ಸಂತೋಷದ ಸಂಗತಿ. ಆರಾಧನೆಯ ನಡುವೆ ಎಲ್ಲರೂ ಎದ್ದು, ಪಕ್ಕದವರ ಕೈ ಹಿಡಿದು 'ಸಮಾಧಾನ' ಹೇಳುತ್ತಾರಲ್ಲ, ಆ ಒಂದು ಗಳಿಗೆಯಲ್ಲಿ ನಿಮ್ಮ ಕೈಯನ್ನೂ ಯಾರೋ ಹಿಡಿದಿರಬೇಕು. ಆ ಹಳೆಯ ಪದ್ಧತಿ ಅಲ್ಲಿನವರಿಗೆ ಮರಳಿ ಸಿಕ್ಕಿದ್ದರಲ್ಲಿ ನಮ್ಮ ಪಾಲೂ ಇದೆ. 1947ರಲ್ಲಿ ಹುಟ್ಟಿದ ನಿಮ್ಮ ಸಿ.ಎಸ್.ಐ., ಕೇರಳದ ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ಇದನ್ನು ಎತ್ತಿಕೊಂಡು 1950ರ ತನ್ನ ಆರಾಧನಾ ಕ್ರಮದಲ್ಲಿ ಸೇರಿಸಿತು. ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ. ಪಶ್ಚಿಮದ ಸಭೆಗಳು ಅದನ್ನು ಕಣ್ಣರಳಿಸಿ ನೋಡಿದವು. ಎಪಿಸ್ಕೋಪಲ್ ಸಭೆಯ 1979ರ ಪುಸ್ತಕದಲ್ಲೂ ಅದಕ್ಕೆ ಜಾಗ ಸಿಕ್ಕಿತು. ನೀವು ಅಲ್ಲಿ ಹೊಸಬರಾಗಿ ಕೂತಿದ್ದಿರಿ ಅಂದುಕೊಂಡಿದ್ದೀರಿ. ಮನೆಯ ದಾಯಾದಿಯಾಗಿ ಕೂತಿದ್ದಿರಿ ಅಕ್ಕೋರೇ.

ಹಾಗಂತ ಸಿಟ್ಟೆಲ್ಲ ಅಮೆರಿಕದವರ ಮೇಲೆ ಬೇಡ. ನಮ್ಮಲ್ಲಿ ಮದುವೆ ಛತ್ರದ ಬಾಗಿಲಿಗೆ 'ಸುಸ್ವಾಗತ' ಬರೆಯದವರಿಲ್ಲ. ಒಳಗೆ ಹೆಣ್ಣಿನ ಕಡೆಯ ಬಡ ನೆಂಟರು ಎರಡನೇ ಪಂಕ್ತಿಗೆ ಕಾಯುತ್ತಾ ನಿಂತಿರುತ್ತಾರೆ. ಸರ್ಕಾರಿ ಆಸ್ಪತ್ರೆಗೆ ಹಳ್ಳಿಯಿಂದ ಬಂದ ಅಜ್ಜಿಗೆ ಚೀಟಿ ಎಲ್ಲಿ ಮಾಡಿಸಬೇಕು ಅಂತ ಹೇಳುವವರಿಲ್ಲ. ಬ್ಯಾಂಕಿನಲ್ಲಿ ಚಲನ್ ತುಂಬಲು ಬಾರದವರು ಪೆನ್ನು ಹಿಡಿದು ಎಲ್ಲರ ಮುಖ ನೋಡುತ್ತಿರುತ್ತಾರೆ. ಗೊತ್ತಿದ್ದವರು ಗೊತ್ತಿಲ್ಲದವರ ಪಕ್ಕ ಒಂದು ಗಳಿಗೆ ನಿಲ್ಲುವುದು ನಮ್ಮಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದೆ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ನಿಮ್ಮ ಮೇಲೂ ಒಂದು ದೂರಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಪಕ್ಕದವರನ್ನು 'ಯಾವ ಪುಟ?' ಎಂದು ಕೇಳಬಹುದಿತ್ತಲ್ಲ! ಕಾಫಿ ಲೋಟ ಹಿಡಿದು ಗೋಡೆ ಪಕ್ಕ ನಿಂತಿದ್ದವರಲ್ಲಿ ನಿಮ್ಮ ಹಾಗೆಯೇ ಹೊಸಬರು ಇನ್ನೊಬ್ಬರು ಇದ್ದರೇನೋ.

ಮೇ ತಿಂಗಳಲ್ಲಿ ಮತ್ತೆ ಹೋಗುತ್ತೀರಂತೆ. ಅಲ್ಲಿ ಬೆಳಗ್ಗೆ ಬೇಗ ನಡೆಯುವ ಆರಾಧನೆಯಲ್ಲಿ ಸಾಮಾನ್ಯವಾಗಿ ಹಾಡಿರುವುದಿಲ್ಲ, ಮೌನ ಬಯಸುವವರು ಅದಕ್ಕೆ ಬರುತ್ತಾರೆ. ನೀವು ಹಾಡು ಇರುವ, ತಡವಾಗಿ ನಡೆಯುವ ಆರಾಧನೆಗೆ ಹೋಗಿ. ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಹೋಗಿ. ಯಾರಾದರೂ ಪುಟ ತೋರಿಸಿದರೆ ನನಗೆ ಬರೆಯಿರಿ. ತೋರಿಸದಿದ್ದರೂ ಬರೆಯಿರಿ.